ಮ್ಯಾಗ್ನೆಟ್ ಇರುವ ಡ್ರೈನ್ ಬೋಲ್ಟ್ ಹಾಕಿಸುವ ಮುನ್ನ ಇದನ್ನೊಮ್ಮೆ ಓದಿ

ನನ್ನ 150 ಸಿಸಿ ಬೈಕಿಗೆ ಆದದ್ದು ನಿಮ್ಮ ಗಾಡಿಗೆ ಆಗದಿರಲಿ ಅಂತ ಬರೆಯುತ್ತಿದ್ದೇನೆ.

ಹೋದ ವರ್ಷ ಆನ್‌ಲೈನಿನಲ್ಲಿ 180 ರೂಪಾಯಿ ಕೊಟ್ಟು ಒಂದು ಮ್ಯಾಗ್ನೆಟ್ ಡ್ರೈನ್ ಬೋಲ್ಟ್ (ಹಳೇ ಆಯಿಲ್ ಇಳಿಸಲು ಎಂಜಿನ್ ತಳದಲ್ಲಿ ಬಿಚ್ಚುವ ಬೋಲ್ಟ್) ತರಿಸಿದೆ. ಎಂಜಿನ್ ಸವೆದು ಆಯಿಲ್‌ಗೆ ಸೇರುವ ಕಬ್ಬಿಣದ ಪುಡಿಯನ್ನು ಅದರ ತುದಿ ಹಿಡಿದಿಡುತ್ತದೆ. ಮೊದಲ ಸಲ ಬಿಚ್ಚಿದಾಗ ತುದಿಗೆ ಬೂದುಬಣ್ಣದ ಪೇಸ್ಟ್ ಮೆತ್ತಿಕೊಂಡಿತ್ತು, ಬೆರಳಲ್ಲಿ ಉಜ್ಜಿದರೆ ವಿಭೂತಿಯಷ್ಟು ನುಣುಪು. ಅಷ್ಟು ಸವೆತ ಸಹಜ. ಒರೆಸಿ ಅದನ್ನೇ ಮತ್ತೆ ಹಾಕಿಸಿದೆ.

ಎರಡನೇ ಸಲ ಮೆಕ್ಯಾನಿಕ್ ಬೋಲ್ಟ್ ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ನನ್ನ ಕೈಗಿಟ್ಟರು. "ಸಾರ್, ಇದರ ಮ್ಯಾಗ್ನೆಟ್ ಎಲ್ಲಿ?"

ತುದಿಯಲ್ಲಿ ಬರೀ ತೂತು. ಒಳಗೋಡೆಗೆ ಒಣಗಿದ ಗಮ್ಮಿನ ಹಳದಿ ಪೊರೆ. ಟ್ರೇಯಲ್ಲಿದ್ದ ಹಳೇ ಆಯಿಲ್‌ನಲ್ಲಿ ಕೈಯಾಡಿಸಿದೆವು, ಸಿಗಲಿಲ್ಲ.

ನನ್ನ ಬೈಕಿನಲ್ಲಿ ಎಂಜಿನ್, ಕ್ಲಚ್, ಗಿಯರ್ ಮೂರಕ್ಕೂ ಒಂದೇ ಆಯಿಲ್. ಕ್ಲಚ್ ಕವರ್ ತೆಗೆದಾಗ ಮ್ಯಾಗ್ನೆಟ್ಟಿನ ಅರ್ಧ ತುಂಡು ಸಿಕ್ಕಿತು. ಇನ್ನರ್ಧಕ್ಕಾಗಿ ಎಂಜಿನ್ ಇಳಿಸಿ ಅದರ ಹೊರಕವಚವಾದ ಕ್ರ್ಯಾಂಕ್‌ಕೇಸನ್ನೇ ಬಿಡಿಸಬೇಕಾಯಿತು. ಒಂದು ಗಿಯರಿನ ಹಲ್ಲಿನ ಅಂಚು ಮುರಿದಿತ್ತು. ಸಾಮಾನು, ಕೂಲಿ ಎಲ್ಲ ಸೇರಿ 7,400 ರೂಪಾಯಿ, ಐದು ದಿನ ಗಾಡಿ ಇಲ್ಲ. ದುಡ್ಡು ಹೋಗಲಿ. "ಓಡ್ತಿರುವಾಗ ಗಿಯರ್ ಜಾಮ್ ಆಗಿದ್ರೆ ಹಿಂದಿನ ಚಕ್ರ ಲಾಕ್ ಆಗೋದು ಸಾರ್" ಅಂದರು ಅವರು. ಮಗಳನ್ನು ಹಿಂದೆ ಕೂರಿಸಿಕೊಂಡು ಶಿರಾಡಿ ಘಾಟ್ ಇಳಿದು ಆಗಿನ್ನೂ ಒಂದು ವಾರವಾಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಗ್ಗದ ಬೋಲ್ಟುಗಳಲ್ಲಿ ಮ್ಯಾಗ್ನೆಟ್ಟನ್ನು ಬರೀ ಗಮ್ಮಿನಿಂದ ಅಂಟಿಸಿರುತ್ತಾರೆ. ಬಿಸಿ ಆಯಿಲ್‌ನಲ್ಲಿ ಆ ಅಂಟು ಎಷ್ಟು ದಿನ ನಿಂತೀತು? ಇಂಥ ಬೋಲ್ಟುಗಳಲ್ಲಿ ಸಾಮಾನ್ಯವಾಗಿ ಇರುವ ನಿಯೋಡೈಮಿಯಂ ಎಂಬ ಬಲವಾದ ಮ್ಯಾಗ್ನೆಟ್, ಸಾಮಾನ್ಯ ದರ್ಜೆಯದಾದರೆ, 80 ಡಿಗ್ರಿ ದಾಟಿದಾಗ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ, ಘಾಟ್ ಹತ್ತುವಾಗ ಎಂಜಿನ್ ಆಯಿಲ್ 100 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಮೇಲಾಗಿ ಅದು ಪಿಂಗಾಣಿಯ ಹಾಗೆ ಪೆಡಸು, ಪೆಟ್ಟು ಬಿದ್ದರೆ ಚೂರು.

ಮ್ಯಾಗ್ನೆಟ್ ಬೋಲ್ಟೇ ಕೆಟ್ಟದ್ದು ಅನ್ನುತ್ತಿಲ್ಲ. ಕಂಪನಿಯಿಂದಲೇ ಅದು ಬರುವ ಗಾಡಿಗಳಿವೆ, ಅಂಥದ್ದನ್ನು ತೆಗೆಯುವ ಅಗತ್ಯವಿಲ್ಲ. ಹೊರಗಿನದು ಬೇಕೇ ಬೇಕಿದ್ದರೆ, ಮ್ಯಾಗ್ನೆಟ್ಟನ್ನು ಒಳಗೆ ಕೂರಿಸಿ ಸುತ್ತಲಿನ ಲೋಹದ ಅಂಚನ್ನು ಮಡಿಚಿ ಬಿಗಿ ಮಾಡಿರುವಂಥದ್ದನ್ನೇ ನೋಡಿ ಕೊಳ್ಳಿ. ಅಲ್ಯೂಮಿನಿಯಂ, ಹಿತ್ತಾಳೆಯ ಪುಡಿ ಅದಕ್ಕೆ ಅಂಟುವುದಿಲ್ಲ, ಆದ್ದರಿಂದ ಆಯಿಲ್ ಬದಲಿಸುವ ದಿನವನ್ನು ಮುಂದಕ್ಕೆ ಹಾಕಬೇಡಿ.

ಥ್ರೆಡ್ ವಿಷಯದಲ್ಲೂ ಹುಷಾರು. ಎಂ12 (12 ಮಿ.ಮೀ. ದಪ್ಪದ ಬೋಲ್ಟ್) ಅಂದರೆ ಸಾಲದು, ಪಿಚ್, ಅಂದರೆ ಥ್ರೆಡ್‌ನ ಸುತ್ತುಗಳ ನಡುವಿನ ಅಂತರ, 1.25 ಮಿ.ಮೀ. ಇದೆಯೋ 1.5 ಇದೆಯೋ ನೋಡಬೇಕು. ಕೈಯಲ್ಲಿ ತಿರುಗಿಸಿದಾಗ ಸಲೀಸಾಗಿ ಹೋಗದಿದ್ದರೆ ಸ್ಪ್ಯಾನರ್ ಹಾಕಲು ಬಿಡಬೇಡಿ, ಅಲ್ಯೂಮಿನಿಯಂ ಕೇಸಿನ ಥ್ರೆಡ್ ಕಿತ್ತು ಬರುತ್ತದೆ.

ಈಗಾಗಲೇ ಹಾಕಿಸಿದ್ದೀರಾ? ಮುಂದಿನ ಸಲ ಬಿಚ್ಚಿದ ಕೂಡಲೇ ತುದಿ ನೋಡಿ. ಮ್ಯಾಗ್ನೆಟ್ ಇಲ್ಲದಿದ್ದರೆ ಹೊಸ ಆಯಿಲ್ ಸುರಿಯಬೇಡಿ, ಒಂದು ಕಿಕ್ ಕೂಡ ಹೊಡೆಯಬೇಡಿ. ಗಾಡಿ ಅಲ್ಲೇ ನಿಲ್ಲಿಸಿ, ಆ ತುಂಡು ಸಿಗುವವರೆಗೂ ಹುಡುಕಿಸಿ.