ಅಂಗಡಿಯ ವಾಟ್ಸಾಪ್‌ಗೆ ಎಐ ಹಾಕಿಸುವ ಮುಂಚೆ ಇದನ್ನು ಓದಿ

ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಸೀರೆ ಅಂಗಡಿ. ಅತ್ತೆಯವರು ಶುರು ಮಾಡಿದ್ದು, ಈಗ ನಾನೂ ನನ್ನ ಮೈದುನನೂ ನೋಡಿಕೊಳ್ಳುತ್ತೇವೆ. ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣ, ಅಂದರೆ ರವಿಕೆ ಬಟ್ಟೆ, ನಮ್ಮ ಮುಖ್ಯ ಮಾಲು. ಅರ್ಧಕ್ಕಿಂತ ಜಾಸ್ತಿ ವ್ಯಾಪಾರ ನಡೆಯುವುದು ವಾಟ್ಸಾಪ್‌ನಲ್ಲೇ. ಸೊಲ್ಲಾಪುರ, ಪುಣೆ, ಬೆಂಗಳೂರಿನಿಂದೆಲ್ಲ ಕೇಳುತ್ತಾರೆ. ಹಬ್ಬದ ದಿನಗಳಲ್ಲಿ ದಿನಕ್ಕೆ ನೂರು ಮೆಸೇಜ್ ದಾಟುತ್ತದೆ. ರೇಟ್ ಎಷ್ಟು, ಕೊರಿಯರ್ ಎಷ್ಟು, ಬೇರೆ ಬಣ್ಣ ಇದೆಯಾ? ಉತ್ತರ ಕೊಟ್ಟು ಕೊಟ್ಟು ರಾತ್ರಿ ಹನ್ನೊಂದಾಗುತ್ತಿತ್ತು.

ದಸರಾ ಮುಂಚೆ ಒಂದು ಕಂಪನಿಯವರು ಬಂದರು. 'ಮೇಡಂ, ಎಐ ಹಾಕಿಸಿ. ರಾತ್ರಿ ಎರಡು ಗಂಟೆಗೆ ಕೇಳಿದರೂ ಕನ್ನಡದಲ್ಲೇ ಉತ್ತರ ಕೊಡುತ್ತೆ' ಎಂದರು. ಅವರ ಫೋನಿನಲ್ಲೇ ತೋರಿಸಿದರು. 'ಇಳಕಲ್ ಸೀರೆ ಬೆಲೆ ಎಷ್ಟು?' ಎಂದು ಬರೆದರೆ ಎರಡು ಸೆಕೆಂಡಿನಲ್ಲಿ ಚಂದದ ಕನ್ನಡದಲ್ಲಿ ಉತ್ತರ ಬಂತು. ನಮಗೆ ಖುಷಿಯೋ ಖುಷಿ. ಹಾಕಿಸುವುದಕ್ಕೆ 18,000, ವರ್ಷದ ಬಾಡಿಗೆ 36,000, ಒಟ್ಟು 54,000 ರೂಪಾಯಿ ಮುಂಗಡ ಕೊಟ್ಟೆವು. ಅವತ್ತು ಕೇಳಿದ ಪ್ರಶ್ನೆಗಳೆಲ್ಲ ಅವರದ್ದೇ ಎಂದು ಆಗ ನನಗೆ ಹೊಳೆಯಲಿಲ್ಲ.

ಸೀರೆಗಳ ಪಟ್ಟಿ ಕೇಳಿದರು. ಹೆಸರು, ಬಣ್ಣ, ರೇಟ್, ಫೋಟೊ ಹಾಕಿ ಎಕ್ಸೆಲ್ ಮಾಡಿ ಕಳಿಸಿದೆ. ಯಾವುದು ಕೈಮಗ್ಗ, ಯಾವುದು ಪವರ್‌ಲೂಮ್ ಎಂದು ಬರೆದಿರಲಿಲ್ಲ. ಅಂಗಡಿಯಲ್ಲಿ ನಮಗೆ ಅದು ಕೈಯಲ್ಲೇ ಗೊತ್ತಾಗುತ್ತದೆ, ಬರೆದಿಡುವ ಅಭ್ಯಾಸವೇ ಇರಲಿಲ್ಲ.

ಮೂರು ವಾರ ಆರಾಮಾಗಿತ್ತು. ಆಮೇಲೆ ಸೊಲ್ಲಾಪುರದ ಒಬ್ಬ ಹಳೇ ಗಿರಾಕಿ ಫೋನ್ ಮಾಡಿದರು. ಮಗಳ ಮದುವೆಯಲ್ಲಿ ಬೀಗರ ಕಡೆಯವರಿಗೆ ಉಡುಗೊರೆ ಕೊಡಲು 1,150 ರೂಪಾಯಿಯ ಸೀರೆ ಹನ್ನೊಂದು ತರಿಸಿಕೊಂಡಿದ್ದರು. ಬೀಗಿತಿ ಒಂದು ಸೀರೆ ಬಿಚ್ಚಿ, ಸೆರಗು ತಿರುವಿ ನೋಡಿ, 'ಕೊಂಡಿನೇ ಇಲ್ಲಲ್ರಿ ಇದಕ್ಕ' ಎಂದುಬಿಟ್ಟರಂತೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದರೊಳಗೊಂದು ಕುಣಿಕೆ ಹಾಕಿ ಕೂಡಿಸುತ್ತಾರೆ. ಅದೇ ಕೊಂಡಿ. ಸೆರಗು ಶುರುವಾಗುವ ಕಡೆ ಬೆರಳಾಡಿಸಿದರೆ ಸಣ್ಣ ಸಣ್ಣ ಕುಣಿಕೆಗಳ ಸಾಲು ಕೈಗೆ ಹತ್ತುತ್ತದೆ. 1,150ರ ಸೀರೆ ಪವರ್‌ಲೂಮಿನದು. ಅದರಲ್ಲಿ ಕೊಂಡಿ ಇರಲಿಲ್ಲ. ಆ ಬೆಲೆಗೆ ಅದು ಒಳ್ಳೆಯ ಸೀರೆಯೇ, ಆದರೆ ಕೈಮಗ್ಗದ್ದಲ್ಲ.

ಅವರು ಸ್ಕ್ರೀನ್‌ಶಾಟ್ ಕಳಿಸಿದರು. 'ಅಕ್ಕಾರ, ಇದು ಕೈಮಗ್ಗದ್ದ ಹೌದಲ್ರಿ?' ಎಂದು ಕೇಳಿದ್ದರು. ಅದಕ್ಕೆ ಎಐ, 'ಹೌದು, ಇದು ಇಳಕಲ್‌ನ ನುರಿತ ನೇಕಾರರು ಕೈಮಗ್ಗದಲ್ಲಿ ನೇಯ್ದ ಅಪ್ಪಟ ರೇಷ್ಮೆ ಸೀರೆ' ಎಂದು ಉತ್ತರಿಸಿತ್ತು. ಅವರು ಕೇಳಿದ್ದು ನನ್ನನ್ನು. ಉತ್ತರ ಬಂದಿದ್ದೂ ನಮ್ಮ ಅಂಗಡಿ ಹೆಸರಿನಲ್ಲೇ. 'ನಿಮ್ಮ ಮ್ಯಾಲೆ ಭರವಸಾ ಇಟ್ಟು ತಗೊಂಡೆ. ಬೀಗರ ಮುಂದ ಮಾರಿ ಎತ್ತಲಾರದಂಗ ಆತು' ಎಂದರು. ನನಗೆ ಮಾತೇ ಹೊರಡಲಿಲ್ಲ. ಹನ್ನೊಂದೂ ಸೀರೆ ವಾಪಸ್ ತರಿಸಿ 12,650 ರೂಪಾಯಿ ಮರಳಿ ಹಾಕಿದೆ, ಎರಡೂ ಕಡೆಯ ಕೊರಿಯರ್ ನಾನೇ ಕೊಟ್ಟೆ. ಅವರ ಮನೆಯ ಮದುವೆಯಲ್ಲಿ ಆದ ಅವಮಾನವನ್ನು ಹೇಗೆ ಮರಳಿಸಲಿ?

ಅವತ್ತು ರಾತ್ರಿ ಹಳೇ ಚಾಟ್‌ಗಳನ್ನೆಲ್ಲ ಓದಲು ಕೂತೆ. ಎರಡು ರಾತ್ರಿ ಬೇಕಾಯಿತು. ಏಳು ದಿನದೊಳಗೆ ವಾಪಸ್ ಕೊಡಬಹುದು ಎಂದು ಎಷ್ಟೋ ಜನಕ್ಕೆ ಹೇಳಿತ್ತು. ನಮ್ಮಲ್ಲಿ ಇರುವುದು ಬದಲಾಯಿಸಿ ಕೊಡುವ ಪದ್ಧತಿ ಮಾತ್ರ, ಅದೂ ಫಾಲ್ ಹೊಲಿಯದೆ ಇದ್ದರೆ. ಒಬ್ಬರಿಗೆ ಫಾಲ್, ಪಿಕೋ ಉಚಿತ ಎಂದಿತ್ತು. ನನಗೆ ಜಾಸ್ತಿ ನೋವಾಗಿದ್ದು ಇನ್ನೊಂದು ಚಾಟ್ ಓದಿ. ಧಾರವಾಡದ ಒಬ್ಬರು ಇಂಗ್ಲಿಷ್ ಅಕ್ಷರದಲ್ಲಿ 'ಖಣ ಐತೇನ್ರಿ' ಎಂದು ಕೇಳಿದ್ದರು. ನಮ್ಮ ಜನ ಟೈಪ್ ಮಾಡುವುದೇ ಹಾಗೆ ಅಲ್ವಾ? ಅದು ಖಣವನ್ನು ಹಿಂದಿಯ ಖಾನಾ ಎಂದು ಓದಿಕೊಂಡು, 'ಕ್ಷಮಿಸಿ, ನಮ್ಮಲ್ಲಿ ಊಟ ಸಿಗುವುದಿಲ್ಲ' ಎಂದಿತ್ತು. ಅವರು ಮತ್ತೆ ಮೆಸೇಜ್ ಮಾಡಲೇ ಇಲ್ಲ. ಖಣ ಮಾರಿಯೇ ಬೆಳೆದ ಅಂಗಡಿ ನಮ್ಮದು.

ಯಾಕೆ ಹೀಗಾಯಿತು ಎಂದು ಆಮೇಲೆ ತಿಳಿದುಕೊಂಡೆ. ಇಂಥ ಎಐ ನಮ್ಮ ಮಾಲನ್ನು ನೋಡಿ ಉತ್ತರ ಕೊಡುವುದಿಲ್ಲ. ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಾಧ್ಯತೆ ಜಾಸ್ತಿ ಎಂದು ಲೆಕ್ಕ ಹಾಕಿ ಬರೆಯುತ್ತದೆ. ಇಳಕಲ್ ಸೀರೆಯ ಬಗ್ಗೆ ಎಲ್ಲಿ ಓದಿದರೂ ಕೈಮಗ್ಗ, ರೇಷ್ಮೆ, ನೇಕಾರರು ಎಂದೇ ಇರುತ್ತದೆ. ನನ್ನ ಪಟ್ಟಿಯಲ್ಲಿ ಆ ಜಾಗ ಖಾಲಿ ಇತ್ತು. ಅದು ತುಂಬಿಬಿಟ್ಟಿತು. ನಮ್ಮ ಅಂಗಡಿಗೆ ಹೊಸದಾಗಿ ಬಂದ ಹುಡುಗಿ ಗೊತ್ತಿಲ್ಲದಿದ್ದರೆ 'ತಡೀರಿ, ಅಕ್ಕಾರನ್ನ ಕೇಳಿ ಹೇಳ್ತೀನಿ' ಅನ್ನುತ್ತಾಳೆ. ಇದು ಒಂದು ಸಲವೂ ಹಾಗೆ ಅಂದಿರಲಿಲ್ಲ.

ಕಂಪನಿಯವರಿಗೆ ಫೋನ್ ಮಾಡಿದರೆ, 'ನೀವು ಡೇಟಾ ಪೂರ್ತಿ ಕೊಟ್ಟಿಲ್ಲ ಮೇಡಂ. ಎಐ ಕಲೀತಾ ಹೋಗುತ್ತೆ' ಎಂದರು. ಇದನ್ನು ದಯವಿಟ್ಟು ನಂಬಬೇಡಿ. ನಮ್ಮದು ತಾನಾಗಿ ಏನೂ ಕಲಿಯಲಿಲ್ಲ. ನಾವು ಕೂತು ಪಟ್ಟಿ ತಿದ್ದಿದಷ್ಟೇ ಸರಿಹೋಯಿತು. ಉತ್ತರ ತಪ್ಪಾದರೆ ತಮ್ಮ ಜವಾಬ್ದಾರಿ ಅಲ್ಲ ಎಂದು ಕರಾರಿನ ಕೊನೇ ಪುಟದಲ್ಲಿ ಬರೆದಿದ್ದರು. ನಾನು ಓದದೇ ಸಹಿ ಹಾಕಿದ್ದೆ.

ದೊಡ್ಡವರಿಗೂ ಹೀಗೇ ಆಗಿದೆ. ಕೆನಡಾದ ಏರ್ ಕೆನಡಾ ವಿಮಾನ ಕಂಪನಿಯ ಚಾಟ್‌ಬಾಟ್ 2022ರಲ್ಲಿ ಒಬ್ಬ ಪ್ರಯಾಣಿಕರಿಗೆ ರಿಯಾಯಿತಿ ಟಿಕೆಟ್ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ಅವರ ಅಜ್ಜಿ ತೀರಿಕೊಂಡಿದ್ದ ಸಮಯ ಅದು. ಕಂಪನಿ ದುಡ್ಡು ಮರಳಿಸಲಿಲ್ಲ. ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲ ಎಂದು ವಾದಿಸಿತು. 2024ರ ಫೆಬ್ರವರಿಯಲ್ಲಿ ಅಲ್ಲಿನ ನ್ಯಾಯಮಂಡಳಿ ಆ ವಾದ ಒಪ್ಪಲಿಲ್ಲ, ಸುಮಾರು 812 ಕೆನಡಾ ಡಾಲರ್ ಕೊಡಿಸಿತು. ಗಿರಾಕಿಗೆ ಕಾಣುವುದು ಅಂಗಡಿಯ ಹೆಸರು ಮಾತ್ರ.

ಈ ಎಐ ಬಿಟ್ಟುಬಿಡೋಣ ಎಂದು ಹೊರಟಾಗ ಇನ್ನೊಂದು ಪೆಟ್ಟು. ಎಐ ಜೋಡಿಸುವಾಗ ಅದನ್ನು ಮಾರಿದ ಕಂಪನಿಯವರು ನಮ್ಮ ವಾಟ್ಸಾಪ್ ನಂಬರನ್ನು ಫೋನಿನ ಆ್ಯಪ್‌ನಿಂದ ತೆಗೆದು ತಮ್ಮ ಖಾತೆಯಲ್ಲಿ ಹಾಕಿಕೊಂಡಿದ್ದರು. ಅತ್ತೆಯವರ ಕಾಲದ ನಂಬರ್ ಅದು, ಅಂಗಡಿಯ ಕೈಚೀಲದ ಮೇಲೂ ಅದೇ ಅಚ್ಚಾಗಿದೆ. ವಾಪಸ್ ಬರಲು 19 ದಿನ ಹಿಡಿಯಿತು. ದೀಪಾವಳಿ ಅಷ್ಟರಲ್ಲಿ ಮುಗಿದಿತ್ತು. ಮುಂಗಡವಂತೂ ಹೋಯಿತು. ಗಿರಾಕಿಗಳ ಹೆಸರು, ವಿಳಾಸ, ಫೋನ್ ನಂಬರಿನ ಪಟ್ಟಿಯನ್ನೂ ಅವರಿಗೆ ಕೊಟ್ಟಿದ್ದೆ. ಅಳಿಸಿದ್ದೇವೆ ಎಂದು ಬಾಯಿಮಾತಿನಲ್ಲಿ ಹೇಳಿದರು, ಬರೆದು ಕೊಡಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಗಿರಾಕಿಗಳ ಮಾಹಿತಿಯನ್ನು ಬೇರೆಯವರ ಕೈಗೆ ಕೊಟ್ಟರೂ ಹೊಣೆ ಅದನ್ನು ಗಿರಾಕಿಗಳಿಂದ ತೆಗೆದುಕೊಂಡ ಅಂಗಡಿಯವರದ್ದೇ.

ಎಐ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಸೀರೆಯ ವಿವರವನ್ನು ಮರಾಠಿಯಲ್ಲಿ ಬರೆಯಲು ಈಗಲೂ ಬಳಸುತ್ತೇನೆ. ಮರಾಠಿ ಬರುವ ಮೈದುನ ಓದಿ ಸರಿ ಎಂದ ಮೇಲೆಯೇ ಕಳಿಸುತ್ತೇನೆ. ಕೊರಿಯರ್, ಅಂಗಡಿಯ ಸಮಯ, ವಿಳಾಸಕ್ಕೆಲ್ಲ ವಾಟ್ಸಾಪ್ ಬಿಸಿನೆಸ್‌ನಲ್ಲಿ ಪುಕ್ಕಟೆ ಸಿಗುವ ಸಿದ್ಧ ಉತ್ತರಗಳೇ ಸಾಕು. ನಾವು ಬರೆದಿಟ್ಟಿದ್ದನ್ನೇ ಅವು ಕಳಿಸುತ್ತವೆ. ಮಾಲು ಯಾವುದು, ರಿಯಾಯಿತಿ ಎಷ್ಟು, ವಾಪಸ್ ತಗೋತೀರಾ ಎಂಬ ಪ್ರಶ್ನೆಗೆ ಮನುಷ್ಯರೇ ಉತ್ತರ ಕೊಡಬೇಕು.

ಯಾರಾದರೂ ಮಾರಲು ಬಂದರೆ ಅವರ ಡೆಮೊ ನೋಡಿ ಮರುಳಾಗಬೇಡಿ. ನಿಮ್ಮ ಗಿರಾಕಿ ಕೇಳುವ ಹಾಗೆ, ನಿಮ್ಮ ಊರಿನ ಮಾತಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೇಳಿ. ಪಟ್ಟಿಯಲ್ಲಿ ಇಲ್ಲದ ಮಾಲಿನ ಬಗ್ಗೆ ಕೇಳಿ, ಗೊತ್ತಿಲ್ಲ ಅನ್ನುತ್ತದೆಯೋ ನೋಡಿ. ನಂಬರ್ ನಿಮ್ಮ ಹೆಸರಿನ ಖಾತೆಯಲ್ಲೇ ಇರುತ್ತದೆ ಎಂದು ಬರೆಸಿಕೊಳ್ಳಿ. ವರ್ಷದ ದುಡ್ಡು ಒಟ್ಟಿಗೆ ಕೊಡಬೇಡಿ.

ಈಗಾಗಲೇ ಹಾಕಿಸಿದ್ದರೆ, ಇವತ್ತು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹಿಂದಿನ ವಾರದ ಚಾಟ್‌ಗಳನ್ನು ಕೂತು ಓದಿ. ನಾನು ಮೂರು ವಾರ ಓದಿರಲಿಲ್ಲ.