ನೇತ್ರಾಣಿ ಸ್ಕೂಬಾ: ಮೇಲೆ ಕರೆತಂದ ರೀತಿಗೆ ಪೂರ್ತಿ ಅಂಕ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾಗೆ ಕರೆದೊಯ್ಯುವವರು ಹಲವರಿದ್ದಾರೆ. ಎಲ್ಲರ ಜಾಹೀರಾತಿನಲ್ಲೂ ಮೀನುಗಳದ್ದೇ ಫೋಟೋ. ನಾನು ನೋಡುವುದು ಮಾತ್ರ, ಕೆಳಗೆ ಇಳಿಸಿದವರು ಮೇಲೆ ಹೇಗೆ ತರುತ್ತಾರೆ ಅಂತ. ನನ್ನದು ಓಪನ್ ವಾಟರ್ ಕೋರ್ಸ್ (ಸ್ಕೂಬಾದ ಮೊದಲ ಹಂತದ ತರಬೇತಿ) ಆಗಿದೆ. ಜೊತೆಗೆ ಬಂದಿದ್ದ ಭಾವನಿಗೆ ಈಜೂ ಬರುವುದಿಲ್ಲ.

ಬೋಟಿನಲ್ಲೇ ಪಾಠ ಶುರು. ಹೆಬ್ಬೆರಳು ಎತ್ತಿದರೆ ‘ಸೂಪರ್’ ಅಂತಲ್ಲ, ‘ಮೇಲೆ ಹೋಗೋಣ’ ಅಂತ. ಭಾವನಿಗೆ ಫೋಟೋ ಅಂದರೆ ಹೆಬ್ಬೆರಳೇ, ಸರಿಯಾಗುವವರೆಗೆ ಇನ್‌ಸ್ಟ್ರಕ್ಟರ್ ಬಿಡಲಿಲ್ಲ. “ಏನೇ ಆದ್ರೂ ಉಸಿರು ಕಟ್ಟಬೇಡಿ ಸರ್” ಎಂದು ಹೇಳಿ, ಕಾರಣವನ್ನೂ ಹೇಳಿದರು. 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಹಿಡಿದಿಟ್ಟರೆ ಶ್ವಾಸಕೋಶಕ್ಕೇ ಪೆಟ್ಟು. (ಅಂದಹಾಗೆ, ಬೆನ್ನ ಮೇಲಿನ ಸಿಲಿಂಡರ್‌ನಲ್ಲಿ ಇರುವುದು ಆಕ್ಸಿಜನ್ ಅಲ್ಲ, ಬರೀ ಗಾಳಿ.)

ನೀರಿನಡಿ ನನ್ನ ಜೊತೆ ಬಂದ ಅವರ ಗೈಡ್ ಹುಡುಗ, ಸಿಲಿಂಡರ್‌ನಲ್ಲಿ ಉಳಿದ ಗಾಳಿ ತೋರಿಸುವ ಗೇಜ್ 70 ಬಾರ್‌ನಲ್ಲಿರುವಾಗಲೇ ಹೆಬ್ಬೆರಳು ಎತ್ತಿದ. ಗಿಳಿಮೀನುಗಳ ಹಿಂಡು ಆಗಷ್ಟೇ ಬಂದಿತ್ತು, ಹೊಟ್ಟೆ ಉರಿಯಿತು. ಆದರೆ ಅವನು ಮಾಡಿದ್ದು ಸರಿ. ಲಂಗರಿನ ಹಗ್ಗದ ಪಕ್ಕದಲ್ಲೇ ಏರಿದೆವು, ನಿಮಿಷಕ್ಕೆ 9 ಮೀಟರ್ ದಾಟದ ಹಾಗೆ. ತೇಲಲು ಹಾಕಿಕೊಳ್ಳುವ ಜಾಕೆಟ್ಟಿನೊಳಗಿನ ಗಾಳಿಯೂ ಹಿಗ್ಗುತ್ತದೆ, ಅಲ್ವಾ? ಆಗಾಗ ಸ್ವಲ್ಪ ಬಿಡದಿದ್ದರೆ ಬೆಂಡಿನ ಹಾಗೆ ಚಿಮ್ಮಿಬಿಡುತ್ತೇವೆ. 5 ಮೀಟರ್‌ನಲ್ಲಿ ಅಂಗೈ ಅಡಿಗೆ ಮೂರು ಬೆರಳು ಹಿಡಿದು ತೋರಿಸಿದ: ಮೂರು ನಿಮಿಷ ಇಲ್ಲೇ. ಅಲೆ ತೂಗುತ್ತಿದ್ದರೂ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ತಲೆ ಎತ್ತಿ, ಬೇರೆ ಬೋಟ್ ಇಲ್ಲವೆಂದು ಸುತ್ತಲೂ ನೋಡಿಕೊಂಡು, ಒಂದು ಕೈ ಮೇಲೆ ಚಾಚಿಯೇ ನೀರಿಂದ ಹೊರಬಂದ.

ದೂರುಗಳೂ ಇವೆ. ಬೋಟಿನ ಏಣಿ ಜಾರುತ್ತದೆ. ವಿಡಿಯೋಗೆ ಸುಮ್ನೆ ಒಂದು ಅಬ್ಬರದ ಹಾಡು ಸೇರಿಸಿ ಕೊಡುತ್ತಾರೆ. ವಾಂತಿ ಆಗುವವರು ಮಾತ್ರೆ ಮೊದಲೇ ತೆಗೆದುಕೊಂಡು ಬನ್ನಿ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ದಡಕ್ಕೆ ಬಂದ ಮೇಲೆ. “ಇವತ್ತೇ ಘಟ್ಟ ಹತ್ತಬೇಡಿ” ಎಂದರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಆಳದಲ್ಲಿ ಉಸಿರಾಡಿದ ಗಾಳಿಯಿಂದ ಮೈಯಲ್ಲಿ ಉಳಿದ ನೈಟ್ರೋಜನ್ ಗುಳ್ಳೆಯಾಗಬಹುದು. ಒಂದಕ್ಕಿಂತ ಜಾಸ್ತಿ ಡೈವ್ ಮಾಡಿದವರು ವಿಮಾನಕ್ಕೆ 18 ಗಂಟೆಯಾದರೂ ಕಾಯಬೇಕು. ಹಾಗಾಗಿ ಡೈವ್ ಜೊತೆಗೆ ಆ ರಾತ್ರಿಗೂ ಮುರುಡೇಶ್ವರದಲ್ಲೇ ರೂಮ್ ಬುಕ್ ಮಾಡಿಕೊಳ್ಳಿ. ವಾರದ ಕೊನೆಯಾದರೆ ಮೊದಲೇ.