ಲೆಮನ್‌ಗ್ರಾಸ್ ಮಸಾಲೆಗೆ ಸುಂಕವೇ ಇಲ್ಲ ಅನ್ನುವ ಏಜೆಂಟನನ್ನು ನಂಬಬೇಡಿ

ಕುಶಾಲನಗರ, ಮಡಿಕೇರಿ, ಗೋಣಿಕೊಪ್ಪ ಕಡೆ ಹೋಂಸ್ಟೇ, ರೆಸಾರ್ಟ್ ಅಡುಗೆಮನೆಗಳಿಗೆ ಮಸಾಲೆ, ಸಾಸ್, ಸೀಸನಿಂಗ್ ಪೂರೈಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೊರದೇಶದಿಂದ ನೇರವಾಗಿ ಮಾಲು ತರಿಸಿಕೊಡುತ್ತೇನೆ, ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಜೊತೆಗಿನ) ವ್ಯಾಪಾರ ಒಪ್ಪಂದದಲ್ಲಿ ಸುಂಕವೇ ಇಲ್ಲ, ಪೇಪರ್ ಕೆಲಸ ಎಲ್ಲ ನನ್ನದು ಅಂತ ಹೇಳಿಕೊಂಡು ಒಬ್ಬ ಕ್ಲಿಯರಿಂಗ್ ಏಜೆಂಟ್, ಅಂದರೆ ಕಸ್ಟಮ್ಸ್‌ನಿಂದ ಮಾಲು ಬಿಡಿಸಿಕೊಡುವವನು, ನಮ್ಮ ಕಡೆ ಓಡಾಡುತ್ತಿದ್ದಾನೆ. ನನ್ನ ದುಡ್ಡು ಹೋಯಿತು. ದುಡ್ಡು ಹೋದದ್ದು ಒಂದು ಕಡೆ ಇರಲಿ. ಕಾಳುಮೆಣಸು ಬೆಳೆದು ಬದುಕುವ ಮನೆಯವನು ನಾನು. ಇವತ್ತು ನನ್ನ ಹೆಸರು ವಿಯೆಟ್ನಾಂ ಮೆಣಸು ಒಳಗೆ ತರಿಸಿದವನು ಅಂತ ಕಸ್ಟಮ್ಸ್ ಕಡತದಲ್ಲಿ ಕೂತಿದೆ.

ನಡೆದದ್ದು ಇಷ್ಟು. ಮೀನು, ಕೋಳಿ ಗ್ರಿಲ್ ಮಾಡುವಾಗ ಮೇಲೆ ಉದುರಿಸಲು ಲೆಮನ್‌ಗ್ರಾಸ್ ಸೀಸನಿಂಗ್ ಬೇಕು ಅಂತ ರೆಸಾರ್ಟ್ ಕುಕ್‌ಗಳು ಕೇಳುತ್ತಿದ್ದರು. ಬೆಂಗಳೂರಿನ ಸಗಟು ಅಂಗಡಿಯ ರೇಟು ನಮಗೆ ಹೊಂದುತ್ತಿರಲಿಲ್ಲ. ಈ ಏಜೆಂಟ್ ವಿಯೆಟ್ನಾಮಿನ ಒಬ್ಬ ಮಾರಾಟಗಾರನನ್ನು ತೋರಿಸಿದ. ಸ್ಯಾಂಪಲ್ ಬಂತು, ಲೆಮನ್‌ಗ್ರಾಸ್ ಪರಿಮಳ ಚೆನ್ನಾಗಿಯೇ ಇತ್ತು. ಜೊತೆಗೆ ಘಾಟೂ ಇತ್ತು. ಮೆಣಸಿನ ಘಾಟು ನಮಗೆ ಗೊತ್ತಾಗದೇ ಇರುತ್ತದೆಯೇ? ಅದಕ್ಕೇ ಕೇಳಿದೆ, ಇದರಲ್ಲಿ ಮೆಣಸು ಎಷ್ಟಿದೆ ಅಂತ. ಅವನ ಉತ್ತರ ಇನ್ನೂ ನನ್ನ ವಾಟ್ಸಾಪಿನಲ್ಲಿದೆ: "ಸ್ವಲ್ಪ ಇರುತ್ತೆ ಸರ್, ಫ್ಲೇವರಿಗೆ. ಕೋಡ್ 2103 90 40, ಮಿಕ್ಸ್ಡ್ ಸೀಸನಿಂಗ್. ಫಾರ್ಮ್ ಎಐ ಬರುತ್ತೆ, ಡ್ಯೂಟಿ ನಿಲ್. ನೀವು ಟೆನ್ಷನ್ ತಗೋಬೇಡಿ."

ಕೋಡ್ ಅಂದರೆ ಸುಂಕದ ಪಟ್ಟಿಯಲ್ಲಿ ಆ ಮಾಲಿನ ಸಂಖ್ಯೆ, ಸುಂಕ ಎಷ್ಟು ಅನ್ನುವುದು ಅದರ ಮೇಲೆ ನಿಂತಿದೆ. ಫಾರ್ಮ್ ಎಐ ಅಂದರೆ ಮಾಲು ಯಾವ ದೇಶದ್ದು ಅಂತ ಹೇಳುವ, ಆಸಿಯಾನ್ ಒಪ್ಪಂದದ ಪ್ರಮಾಣಪತ್ರ. ಅದೊಂದು ಇದ್ದರೆ ಸಾಕು, ಗೇಟು ತೆರೆಯುತ್ತದೆ ಅನ್ನುವ ಹಾಗೆ ಮಾತಾಡಿದ. ಆಮದು ಮಾಡಲು ಬೇಕಾದ ಐಇಸಿ ಸಂಖ್ಯೆ ನನ್ನದು, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಆಮದು ಲೈಸೆನ್ಸ್ ನನ್ನ ಹೆಸರಲ್ಲಿ, ಮುಂಗಡ ನನ್ನ ಖಾತೆಯಿಂದ. ಅವನದು ಅಂತ ಇದ್ದದ್ದು ಕಮಿಷನ್ ಮಾತ್ರ.

ಮಾಲು ಬಂದರಿಗೆ ಬಂತು. ಅಧಿಕಾರಿಗಳು ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿದರು. ರಿಪೋರ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಳುಮೆಣಸಿನ ಪುಡಿ! ಉಳಿದದ್ದು ಉಪ್ಪು, ಒಣ ಬೆಳ್ಳುಳ್ಳಿ, ಸಕ್ಕರೆ. ಲೆಮನ್‌ಗ್ರಾಸ್ ಪುಡಿ ಎಲ್ಲಕ್ಕಿಂತ ಕಡಿಮೆ, ಹೆಸರು ಮಾತ್ರ ಅದರದ್ದು.

ಇಲ್ಲಿಂದ ಮುಂದಿನದು ನಮ್ಮ ಕಡೆ ಯಾರೂ ಹೇಳಿಕೊಡದ ವಿಷಯ, ಆದ್ದರಿಂದ ಬಿಡಿಸಿ ಬರೆಯುತ್ತೇನೆ. ಸುಂಕದ ಪಟ್ಟಿಯಲ್ಲಿ 9ನೇ ಅಧ್ಯಾಯ ಸಾಂಬಾರ ಪದಾರ್ಥಗಳದ್ದು, ಕಾಳುಮೆಣಸು 0904ರಲ್ಲಿ ಬರುತ್ತದೆ. 21ನೇ ಅಧ್ಯಾಯದ 2103 ಸಾಸ್ ಮತ್ತು ಮಿಶ್ರ ಸೀಸನಿಂಗ್‌ಗಳದ್ದು. ಎರಡರ ನಡುವಿನ ಗೆರೆ 9ನೇ ಅಧ್ಯಾಯದ ಮೊದಲನೇ ಟಿಪ್ಪಣಿಯಲ್ಲೇ ಇದೆ. ಮೆಣಸಿಗೆ ಉಪ್ಪು, ಸಕ್ಕರೆಯಂಥ ಬೇರೆ ಪದಾರ್ಥ ಬೆರೆಸಿದರೂ ಆ ಮಿಶ್ರಣ ಮೆಣಸಿನ ಮೂಲಗುಣವನ್ನೇ ಉಳಿಸಿಕೊಂಡಿದ್ದರೆ ಅದು 0904ರಲ್ಲೇ ಉಳಿಯುತ್ತದೆ. ಆ ಗುಣ ಹೋಗಿ ಅದು ಬೇರೆಯದೇ ಸೀಸನಿಂಗ್ ಆದರೆ ಮಾತ್ರ 2103ಕ್ಕೆ ಹೋಗುತ್ತದೆ. ಪ್ಯಾಕೆಟ್ ಮೇಲೆ ಯಾವ ಹೆಸರು, ಯಾವ ಚಿತ್ರ ಹಾಕಿದ್ದಾರೆ ಅನ್ನುವುದರಿಂದ ಇದು ತೀರ್ಮಾನ ಆಗುವುದಿಲ್ಲ. ಒಳಗೆ ಏನು, ಎಷ್ಟು ಇದೆ ಅನ್ನುವುದರಿಂದ ಆಗುತ್ತದೆ. ಇಪ್ಪತ್ತು ವರ್ಷದ ಅನುಭವ ಅಂತ ಹೇಳಿಕೊಳ್ಳುವ ಏಜೆಂಟನಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ.

0904 ಅಂದ ಕೂಡಲೇ ಲೆಕ್ಕವೇ ಬೇರೆ. ಕಾಳುಮೆಣಸಿನ ಮೂಲ ಸುಂಕ ಶೇ. 70. ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್. ಒಂದು ಲಕ್ಷದ ಮಾಲಿಗೆ 77,000 ರೂಪಾಯಿ, ಅದರ ಮೇಲೆ ಐಜಿಎಸ್‌ಟಿ. ಆಸಿಯಾನ್ ಒಪ್ಪಂದ ಇದೆಯಲ್ಲ ಅಂತ ಕೇಳಬಹುದು. 2010ರಲ್ಲಿ ಜಾರಿಗೆ ಬಂದ ಆ ಒಪ್ಪಂದದಲ್ಲಿ ಕಾಫಿ, ಚಹಾ, ತಾಳೆಎಣ್ಣೆ ಜೊತೆಗೆ ಕಾಳುಮೆಣಸನ್ನೂ ಭಾರತ ವಿಶೇಷ ಉತ್ಪನ್ನಗಳ ಪಟ್ಟಿಯಲ್ಲಿ ಇಟ್ಟುಕೊಂಡಿದೆ. ಸ್ವಲ್ಪ ಇಳಿಕೆ ಉಂಟು, ಸೊನ್ನೆ ಇಲ್ಲ. ಎಷ್ಟು ಪ್ರಮಾಣಪತ್ರ ತಂದರೂ ಮೆಣಸಿಗೆ "ಡ್ಯೂಟಿ ನಿಲ್" ಆಗುವ ಮಾತೇ ಇರಲಿಲ್ಲ.

ಇನ್ನೂ ದೊಡ್ಡ ಪೆಟ್ಟು ಕನಿಷ್ಠ ಆಮದು ಬೆಲೆ. ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸು ಒಳಗೆ ಬರಕೂಡದು ಅಂತ 2017ರ ಡಿಸೆಂಬರಿನಲ್ಲಿ ನಿಯಮ ಬಂತು. 2018ರ ಮಾರ್ಚಿನಲ್ಲಿ ಆ ಬೆಲೆಗಿಂತ ಕೆಳಗಿನ ಮೆಣಸಿನ ಆಮದನ್ನು ನೇರವಾಗಿ ನಿಷೇಧವನ್ನೇ ಮಾಡಿದರು. ಆ ನಿಯಮ ಯಾಕೆ ಬಂತು ಅಂತ ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ. ವಿಯೆಟ್ನಾಂ ಮೆಣಸು ಅಗ್ಗಕ್ಕೆ ನುಗ್ಗಿ, ಶ್ರೀಲಂಕಾ ದಾರಿಯಿಂದಲೂ ನುಗ್ಗಿ, ನಮ್ಮ ಬೆಲೆ ಕುಸಿದಾಗ ನಾವೇ ಬೆಳೆಗಾರರು ದನಿ ಎತ್ತಿ ಕೇಳಿ ಪಡೆದ ರಕ್ಷಣೆ ಅದು. ನಮ್ಮ ತೋಟದ ಸಿಲ್ವರ್ ಓಕ್‌ಗೆ ಹಬ್ಬಿದ ಬಳ್ಳಿಗಳನ್ನು ಕಾಯುವ ನಿಯಮ. ಅದನ್ನೇ ನನ್ನ ಕೈಯಿಂದ ಮುರಿಸಿದ. ನನ್ನ ಮಾಲಿನ ಬೆಲೆ 500ಕ್ಕಿಂತ ಕೆಳಗಿತ್ತು, ಅಂದರೆ ಅದು ನಿಷೇಧಿತ ಸರಕು. ಸುಂಕ ಕಟ್ಟಿ ಬಿಡಿಸಿಕೊಳ್ಳುತ್ತೇನೆ ಅಂದರೂ ಆಗದು.

ಆಮೇಲೆ ಪ್ರಮಾಣಪತ್ರದ ಕಥೆ. ಒಪ್ಪಂದದ ರಿಯಾಯಿತಿ ಕೇಳುವವರು ಮಾಲಿನ ಮೂಲವನ್ನು ತೋರಿಸಬೇಕು ಅನ್ನುವ ಕರೋಟಾರ್ (CAROTAR) ನಿಯಮ 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿದೆ. ಬರೀ ಸರ್ಟಿಫಿಕೇಟ್ ತೋರಿಸಿದರೆ ಆಗುವುದಿಲ್ಲ. ಮಾಲು ಎಲ್ಲಿ ತಯಾರಾಯಿತು, ಯಾವ ಕಚ್ಚಾ ಪದಾರ್ಥ ಯಾವ ದೇಶದ್ದು, ಅಲ್ಲಿ ಎಷ್ಟು ಮೌಲ್ಯ ಸೇರಿತು, ಇದೆಲ್ಲ ಫಾರ್ಮ್ 1ರ ಪ್ರಕಾರ ಆಮದುದಾರನ ಬಳಿ ಮೊದಲೇ ಇರಬೇಕು, ಐದು ವರ್ಷ ಇಟ್ಟುಕೊಂಡಿರಬೇಕು. ಅಧಿಕಾರಿ ಕೇಳಿದರು. ನನ್ನ ಬಳಿ ಏನೂ ಇರಲಿಲ್ಲ, ಇದೊಂದು ಬೇಕಾಗುತ್ತದೆ ಅಂತ ಏಜೆಂಟ್ ಬಾಯಿ ಬಿಟ್ಟಿರಲಿಲ್ಲ. ಮಾರಾಟಗಾರನಿಗೆ ಮೇಲ್ ಹಾಕಿಸಿದರೆ "ನಮ್ಮ ರೆಸಿಪಿ ಗುಟ್ಟು, ಕೊಡುವುದಿಲ್ಲ" ಅಂತ ಒಂದೇ ಸಾಲು ಬಂತು.

ಗುಟ್ಟಂತೆ! ಆ ಗುಟ್ಟು ಏಜೆಂಟನ ಬಳಿ ಮೊದಲಿನಿಂದಲೇ ಇತ್ತು. ಇದು ನನಗೆ ತಿಳಿದದ್ದು ಹೇಗೆಂದರೆ, ಫೈಲೆಲ್ಲ ವಾಪಸ್ ಕೊಡು ಅಂತ ಜಗಳ ಮಾಡಿದಾಗ ಅವನ ಆಫೀಸಿನ ಹುಡುಗ ಎಲ್ಲವನ್ನೂ ಒಟ್ಟಿಗೆ ಫಾರ್ವರ್ಡ್ ಮಾಡಿಬಿಟ್ಟ. ಅದರೊಳಗೆ ಮಾರಾಟಗಾರ ಕಳಿಸಿದ ಪದಾರ್ಥಗಳ ಪಟ್ಟಿ, ಶೇಕಡಾವಾರು ಸಮೇತ. ಮೊದಲ ಸಾಲೇ ಬ್ಲ್ಯಾಕ್ ಪೆಪರ್. ತಾರೀಖು ನೋಡಿದೆ. ನಾನು ಮುಂಗಡ ಕಟ್ಟುವುದಕ್ಕೂ ಮುಂಚಿನದು. ನನಗೆ "ಸ್ವಲ್ಪ ಇರುತ್ತೆ, ಫ್ಲೇವರಿಗೆ" ಅಂತ ಬರೆದ ದಿನ ಈ ಪಟ್ಟಿ ಅವನ ಮುಂದೆಯೇ ಇತ್ತು. ಅದನ್ನು ಓದಿದಾಗ ಮೈ ಉರಿದುಹೋಯಿತು. ಅಂಗಡಿಯಲ್ಲಿ ಗಿರಾಕಿ ನಿಂತಿದ್ದರು, ಏನು ಬೇಕು ಅಂತ ಕೇಳಲೂ ನನಗೆ ಆಗಲಿಲ್ಲ.

ಫೋನ್ ಮಾಡಿದೆ. ಪಟ್ಟಿ ನಿನ್ನ ಬಳಿ ಇತ್ತಲ್ಲಯ್ಯಾ, ಯಾಕೆ ತೋರಿಸಲಿಲ್ಲ ಅಂತ ಕೇಳಿದೆ. ಅವನು ಹೇಳಿದ್ದು: "ತೋರಿಸಿದ್ರೆ ನೀವು ತರಿಸ್ತಾ ಇರ್ಲಿಲ್ಲ ಸರ್."

ಹೌದು, ತರಿಸುತ್ತಿರಲಿಲ್ಲ. ಖಂಡಿತ ತರಿಸುತ್ತಿರಲಿಲ್ಲ! ಕೊಡಗಿನಲ್ಲಿ ಕೂತು ಯಾರಾದರೂ ವಿಯೆಟ್ನಾಂ ಮೆಣಸಿನ ಪುಡಿ ತರಿಸುತ್ತಾರಾ?

ಕೋಡ್ ಹೇಳಿದವನು ನೀನೇ ಅಂದೆ. "ನಾನು ಸಜೆಸ್ಟ್ ಮಾಡಿದ್ದು. ಬಿಲ್ ಆಫ್ ಎಂಟ್ರಿಯಲ್ಲಿ ಆಮದುದಾರ ನೀವು, ಡಿಕ್ಲರೇಷನ್ ನಿಮ್ಮದು, ಕಾನೂನು ನೋಡ್ಕೊಳ್ಳಿ" ಅಂದ. ಬಿಲ್ ಆಫ್ ಎಂಟ್ರಿ ಅಂದರೆ ಆಮದು ಮಾಲಿನ ಬಗ್ಗೆ ಕಸ್ಟಮ್ಸ್‌ಗೆ ಕೊಡುವ ಘೋಷಣಾಪತ್ರ. ಕಾನೂನು ನೋಡಿದೆ. ಆ ಮಾತು ನಿಜ, ಅದೇ ಹೊಟ್ಟೆ ಉರಿಯುವ ವಿಷಯ. ಕಸ್ಟಮ್ಸ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ವರ್ಗೀಕರಣ ಆಮದುದಾರನೇ ಮಾಡಿಕೊಳ್ಳುವ ಸ್ವಯಂ ಮೌಲ್ಯಮಾಪನ. 28ಡಿಎ ಪ್ರಕಾರ ಒಪ್ಪಂದದ ರಿಯಾಯಿತಿ ಕೇಳಿದವನೇ ಸಾಬೀತು ಮಾಡಬೇಕು. ಕಮಿಷನ್ ಅವನಿಗೆ, ನೋಟಿಸ್ ನನಗೆ. ಕೊನೆಗೆ ಒಂದು ಮೆಸೇಜ್ ಹಾಕಿದ: "ರೀ-ಎಕ್ಸ್‌ಪೋರ್ಟ್ ಮಾಡಿಸೋಣ, ಅದಕ್ಕೆ ಬೇರೆ ಚಾರ್ಜ್ ಆಗುತ್ತೆ." ಇದಕ್ಕೂ ಚಾರ್ಜ್!

ಮಾಲು ಇನ್ನೂ ಬಂದರಿನ ಗೋದಾಮಿನಲ್ಲೇ ಇದೆ, ಬಾಡಿಗೆ ಏರುತ್ತಲೇ ಇದೆ. ಮಾರಾಟಗಾರ ವಾಪಸ್ ತೆಗೆದುಕೊಳ್ಳಲು ಒಪ್ಪುತ್ತಿಲ್ಲ. ಈ ಸುದ್ದಿ ಊರಲ್ಲಿ ಹೇಗೋ ಹರಡಿದೆ. ಮೊನ್ನೆ ಬೆಳೆಗಾರರ ಸಭೆಗೆ ಹೋದಾಗ ನಮ್ಮ ತಂದೆಯ ಕಾಲದಿಂದ ಪರಿಚಯ ಇರುವ ಹಿರಿಯರೊಬ್ಬರು ಎಲ್ಲರೆದುರು "ನೀನೂ ತರಿಸಿದೆಯಂತಲ್ಲ ಮಗಾ" ಅಂದರು. ಅಷ್ಟೇ ಅಂದದ್ದು. ನಾನು ಪೇಪರ್ ತೋರಿಸಿ ವಿವರಿಸಲು ಹೋದೆ. 0904, 2103 ಅಂತೆಲ್ಲ ಆ ಸಭೆಯಲ್ಲಿ ಯಾರು ಕೇಳುತ್ತಾರೆ? ಅರ್ಧಕ್ಕೇ ನಿಲ್ಲಿಸಿ ಕೂತೆ.

ತರಿಸಲೇಬೇಕು ಅನ್ನುವವರಿಗೆ ಇಷ್ಟು ಹೇಳುತ್ತೇನೆ. ಪದಾರ್ಥಗಳ ಪಟ್ಟಿ ಶೇಕಡಾವಾರು ಸಮೇತ, ಮಾರಾಟಗಾರನಿಂದ ನೇರವಾಗಿ ನಿಮ್ಮ ಮೇಲ್‌ಗೇ ಬರಬೇಕು, ಏಜೆಂಟನ ಕೈ ದಾಟಿ ಬಂದದ್ದನ್ನು ನಂಬಬೇಡಿ. ಫಾರ್ಮ್ 1ರ ವಿವರ ಕೊಡುವುದಿಲ್ಲ ಅನ್ನುವವನ ಬಳಿ ವ್ಯಾಪಾರವೇ ಬೇಡ. ಕೋಡ್ ಬಗ್ಗೆ ಅನುಮಾನ ಇದ್ದರೆ ಮುಂಬಯಿ ಅಥವಾ ದೆಹಲಿಯ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರಕ್ಕೆ ಮಾಲು ತರಿಸುವ ಮೊದಲೇ ಅರ್ಜಿ ಹಾಕಿ ಬರವಣಿಗೆಯಲ್ಲಿ ತೀರ್ಪು ಪಡೆಯಬಹುದು. ಶುಲ್ಕ 10,000 ರೂಪಾಯಿ. ನಾನು ಈಗಾಗಲೇ ಗೋದಾಮು ಬಾಡಿಗೆಗೆ ಸುರಿದದ್ದರ ಮುಂದೆ ಅದು ಏನೂ ಅಲ್ಲ. ಇಂಥದ್ದೊಂದು ಇದೆ ಅಂತಲೂ ಆ ಮನುಷ್ಯ ನನಗೆ ಹೇಳಲಿಲ್ಲ.

ಈಗ ಸೋಮವಾರಪೇಟೆ, ಸುಂಟಿಕೊಪ್ಪ ಕಡೆ ಯಾರಿಗೋ ಇದೇ ಲೆಮನ್‌ಗ್ರಾಸ್ ಮಸಾಲೆ, ಇದೇ ಕೋಡ್, ಇದೇ "ಡ್ಯೂಟಿ ನಿಲ್" ಹೇಳುತ್ತಿದ್ದಾನೆ ಅಂತ ಕೇಳಿದೆ. ಅದು ಯಾರಿಗೆ ಅಂತ ನಿಮಗೆ ಗೊತ್ತಿದ್ದರೆ ಇವತ್ತೇ ಅವರಿಗೆ ಫೋನ್ ಮಾಡಿ, ಮುಂಗಡ ಹಾಕುವುದಕ್ಕೆ ಮುಂಚೆ. ಪಟ್ಟಿ, ಲ್ಯಾಬ್ ರಿಪೋರ್ಟ್, ಅವನ ಮೆಸೇಜುಗಳು ಎಲ್ಲ ನನ್ನ ಬಳಿ ಇವೆ. ಯಾರು ಅಂಗಡಿಗೆ ಬಂದರೂ ತೋರಿಸುತ್ತೇನೆ.